ಮೂವತ್ತೈದು ದಿನ ಮೌನ, ಅರವತ್ತಡಿ ತಂತಿ

ಜನವರಿ 16, ಬೆಳಿಗ್ಗೆ 7

ಬಿಸಿನೀರು ಎರಡು ಲೋಟ. ಹಬೆ ಹತ್ತು ನಿಮಿಷ. ಮಾತು — ಇಲ್ಲ. ಕೆಮ್ಮು ಒಂದು, ಅದೂ ಅಪ್ಪಣೆಯಿಲ್ಲದೆ ಪ್ರವೇಶಿಸಿದ್ದು. ಮೌನದ ಐದನೆಯ ದಿನ.

ಹೆಂಡತಿ ಸ್ಲೇಟು ತಂದುಕೊಟ್ಟಿದ್ದಾಳೆ. ಆರು ಪದ ಹಿಡಿಯುತ್ತದೆ. ಆರು ಪದದಲ್ಲಿ ನಾನು ಗಂಟಲು ಸರಿಮಾಡಿಕೊಳ್ಳುವುದೂ ಮುಗಿಯುವುದಿಲ್ಲ. ಹಾಗಾಗಿ ಈ ನೋಟ್‌ಬುಕ್ಕು. ಇಲ್ಲಿ ಎಷ್ಟು ಗರ್ಜಿಸಿದರೂ ಡಾಕ್ಟರಮ್ಮನಿಗೆ ಕೇಳಿಸದು.

"ಇಪ್ಪತ್ತೆಂಟು ವರ್ಷಕ್ಕೆ ಇದೇ ಮೊದಲು ಕಣ್ರೀ," ಎಂದಳು ಹೆಂಡತಿ, ಹೊಲಿಗೆ ಮೆಷಿನ್ನಿನ ಮುಂದೆ ಕೂತು. "ಗೋಡೆ ಗಡಿಯಾರ ಟಿಕ್ ಟಿಕ್ ಅನ್ನೋದು ಕೇಳಿಸ್ತಿದೆ. ಅದು ಕೆಟ್ಟೋಗಿದೆ ಅಂತಲೇ ತಿಳ್ಕೊಂಡಿದ್ದೆ."

ಬರೆದು ತೋರಿಸಿದೆ: ಸುಖಪಡು. ಇನ್ನು ಮೂವತ್ತೇ ದಿನ.

ಓದಿದಳು. ನಗಲಿಲ್ಲ. ಎದ್ದು ಬಂದು ನನ್ನ ಮಫ್ಲರ್ ಬಿಗಿಮಾಡಿ ಹೋದಳು.

ಅದೇ ದಿನ, 11

ಸತ್ಯವನ್ನು ಒಮ್ಮೆ ಬರೆದುಬಿಡಬೇಕು, ಆಮೇಲೆ ಪೀಡಿಸುವುದಿಲ್ಲ. ನವೆಂಬರಿನಲ್ಲಿ ಗಂಟಲಿನೊಳಗಿನ ಗಂಟು ತೆಗೆದರು. ಹದಿನೈದು ದಿನ ಬಾಯಿ ಮುಚ್ಚಿ ಎಂದರು. ನಾಲ್ಕನೆಯ ದಿನ ಬಚ್ಚಲುಮನೆಯಲ್ಲಿ — ಅಲ್ಲಿ ದನಿ ಎಷ್ಟು ಚೆನ್ನಾಗಿ ಮೊಳಗುತ್ತದೆ ಎಂದು ಯಾವ ನಟನಿಗೆ ಗೊತ್ತಿಲ್ಲ — ದುಷ್ಟ ಮಂತ್ರಿಯ ಪ್ರವೇಶದ ಮಾತು ಹೇಳಿ ನೋಡಿದೆ. ಬರೀ ಎರಡು ಸಾಲು. ಮೂರನೆಯದಕ್ಕೆ ರಕ್ತ ಬಂತು.

ಜನವರಿಯಲ್ಲಿ ಮತ್ತೆ ಕತ್ತರಿ. ಈ ಸಲ ಮೂವತ್ತೈದು ದಿನ. ಪಿಸುಮಾತೂ ಇಲ್ಲ. "ಮೂರನೇ ಸಲ ನಾನು ಮುಟ್ಟಲ್ಲ," ಎಂದರು ಡಾಕ್ಟರಮ್ಮ. "ಮುಟ್ಟೋಕೆ ಅಲ್ಲೇನೂ ಉಳಿದಿರಲ್ಲ. ಒಂದೇ ಒಂದು ಸಲ ಕೂಗಿದ್ರೂ ಸಾಕು, ದನಿ ಹೋದ ಹಾಗೇ ಲೆಕ್ಕ."

ಫೆಬ್ರವರಿ ಹದಿನಾರಕ್ಕೆ ಪರೀಕ್ಷೆ. ಮಾರ್ಚಿನಲ್ಲಿ ಕಂಪನಿಯ ಹೊಸ ನಾಟಕ. ಮಾಲೀಕರು ನನ್ನ ಪಾತ್ರವನ್ನು ಅಲ್ಲಿಯವರೆಗೆ ಯಾರಿಗೂ ಕೊಟ್ಟಿಲ್ಲ. ದನಿ ಬಂದರೆ ನಾನು ಮಂತ್ರಿ. ಬಾರದಿದ್ದರೆ... ಏನು? ಐವತ್ತಾರು ವರ್ಷದ, ಮಫ್ಲರ್ ಸುತ್ತಿಕೊಂಡ ಒಬ್ಬ ಮನುಷ್ಯ.

ಜನವರಿ 19

ಭಾಮೈದ ಬಂದ. ಸುಟ್ಟ ಮೋಟರ್‌ಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ. ಊರಿಗೆಲ್ಲ ಅವನು 'ಕಾಯಿಲ್'. ನಾನು ಗೋಡೆ ನೋಡುತ್ತ ಕೂತಿದ್ದುದನ್ನು ಕಂಡ.

"ಭಾವ, ರಜೆ ಇರೋದು ಬಾಯಿಗೆ ತಾನೆ? ಕೈಗಲ್ವಲ್ಲ. ಅಂಗಡಿಗೆ ಬನ್ನಿ."

"ಕರ್ಕೊಂಡು ಹೋಗೋ ಪುಣ್ಯಾತ್ಮ," ಎಂದಳು ಅವನಕ್ಕ. "ದಿನಕ್ಕೆ ಮೂರು ಸಲ ಕನ್ನಡಿ ಮುಂದೆ ನಿಂತು ಬಾಯಿ ಆಡಿಸ್ತಾರೆ. ನನ್ನೆದೆ ಹಾರತ್ತೆ."

ಅಂಗಡಿಯ ಹಿಂದಿನ ಕೋಣೆ. ಅರಗಿನ ವಾಸನೆ, ತಾಮ್ರದ ಸುರುಳಿಗಳು, ಮೇಜಿನ ಮೇಲೆ ಮಾದರಿ ವಿಮಾನವೊಂದರ ಅಸ್ಥಿಪಂಜರ — ನಾಲ್ಕೂವರೆ ಅಡಿ ರೆಕ್ಕೆ, ಎಲ್ಲ ಬಾಲ್ಸಾ ಎಂಬ ಹಗುರ ಮರ. ಎತ್ತಿದೆ. ಮಡಿಸಿದ ಪೇಪರ್ ಎತ್ತಿದ ಹಾಗಾಯಿತು. ರೇಡಿಯೋ ಇಲ್ಲ, ರಿಮೋಟ್ ಇಲ್ಲ. ರೆಕ್ಕೆಯ ತುದಿಯಿಂದ ಎರಡು ಉಕ್ಕಿನ ತಂತಿ, ಅರವತ್ತಡಿ ಉದ್ದ, ಹಾರಿಸುವವನ ಕೈಯಲ್ಲಿ ಒಂದು ಹಿಡಿಕೆ. ಅವನು ನಡುವೆ ನಿಂತು ತಿರುಗುತ್ತಾನೆ, ವಿಮಾನ ಸುತ್ತ ಓಡುತ್ತದೆ. ಹಿಡಿಕೆ ಹಿಂದಕ್ಕೆ ವಾಲಿಸಿದರೆ ಬಾಲದ ಪಟ್ಟಿ ಮೇಲೇಳುತ್ತದೆ, ವಿಮಾನ ಏರುತ್ತದೆ. ಮುಂದಕ್ಕೆ ವಾಲಿಸಿದರೆ ಇಳಿಯುತ್ತದೆ. ಇಷ್ಟೇ ಎರಡು ಅಪ್ಪಣೆ. ಇಷ್ಟರಲ್ಲೇ ಲಾಗ, ತಲೆಕೆಳಗು, ಎಂಟರ ಆಕಾರ, ಎಲ್ಲ.

ಮೊದಲು ಎಣ್ಣೆ ಎಂಜಿನ್ ಇಡುತ್ತಿದ್ದನಂತೆ. ಆ ಅರಚಾಟಕ್ಕೆ ಮೂರು ಮೈದಾನದಿಂದ ಓಡಿಸಿದ್ದಾರೆ. ಇದು ಕರೆಂಟಿನದು: ಮೋಟರ್, ಬ್ಯಾಟರಿ, ಟೈಮರ್. ಮೋಟರ್‌ಗೆ ತಂತಿ ತಾನೇ ಸುತ್ತಿದ್ದಾನೆ. ಮಾರ್ಚ್ ಒಂದಕ್ಕೆ ಸ್ಪರ್ಧೆ.

"ಇದೂ ನಿಮ್ಮ ಥರಾನೇ ಭಾವ," ಎಂದ. "ಶಕ್ತಿ ಹಾಗೇ ಇದೆ, ಸದ್ದು ಮಾತ್ರ ಇಲ್ಲ."

ಸ್ಲೇಟು ಎತ್ತಿ ಅವನ ತಲೆಗೆ ಕುಟ್ಟಿದೆ.

ಜನವರಿ 24, ಸಂಜೆ

ಐದು ದಿನದಿಂದ ಮರಳುಕಾಗದ ಉಜ್ಜುತ್ತಿದ್ದೇನೆ. ಮಾತಿನ ನೆನಪೇ ಆಗಲಿಲ್ಲ... ಎಂದರೆ ಸುಳ್ಳು. ಮಧ್ಯಾಹ್ನದವರೆಗೆ ಆಗಲಿಲ್ಲ.

ಇವತ್ತು ರೆಕ್ಕೆಗೆ ಬಣ್ಣದ ಫಿಲ್ಮ್ ಹೊದಿಸಿದ್ದು. ಬಿಸಿಗೆ ಬಿಗಿಯಾಗುವ ಪ್ಲಾಸ್ಟಿಕ್ ಹಾಳೆ. ಕಾಯಿಲ್ ಇಸ್ತ್ರಿಪೆಟ್ಟಿಗೆ ಇಟ್ಟ ಕಡೆಯೆಲ್ಲ ಸುಕ್ಕು. ಅವನಕ್ಕ ಎರಡು ನಿಮಿಷ ನೋಡಿದಳು. "ಸರಿ ಆಚೆ. ರವಿಕೆ ತೋಳಿಗಿಂತ ಇದೇನು ಕಷ್ಟ." ಮಧ್ಯದಿಂದ ಅಂಚಿಗೆ, ಅಂಚಿನಿಂದ ತುದಿಗೆ — ಡೋಲಿನ ಚರ್ಮದಂತೆ ಬಿಗಿದುಬಿಟ್ಟಳು. ಬೆರಳಲ್ಲಿ ತಟ್ಟಿದೆ. ಠಣ್ ಎಂದಿತು. ಈ ಮನೆಯಲ್ಲಿ ಸದ್ಯಕ್ಕೆ ನನಗಿಂತ ಒಳ್ಳೆಯ ಕಂಠ ಅದರದ್ದೇ.

ಜನವರಿ 28

ಹಾರಿತು.

ಪಾಳುಬಿದ್ದ ಕಾರ್ಖಾನೆಯ ಹಿಂದಿನ ಬಯಲು. ಹತ್ತಿರ ಎಲ್ಲೂ ಕರೆಂಟ್ ಲೈನು ಇಲ್ಲ. ಉಕ್ಕಿನ ತಂತಿ ಅದಕ್ಕೆ ತಗುಲಿದರೆ ಕೈಯಲ್ಲಿ ಹಿಡಿದವನ ಕತೆ ಮುಗಿಯಿತು. ನೆಲಕ್ಕೆ ಬಡಿದ ಗೂಟಕ್ಕೆ ವಿಮಾನದ ಬಾಲ ಸಿಕ್ಕಿಸುತ್ತೇವೆ. ನಾನು ಟೈಮರ್ ಗುಂಡಿ ಒತ್ತಿ ಹತ್ತು ಹೆಜ್ಜೆ ಹಿಂದೆ ಸರಿಯಬೇಕು. ಅರ್ಧ ನಿಮಿಷಕ್ಕೆ ಮೋಟರ್ ತಾನಾಗಿ ಶುರು. ಅಷ್ಟರಲ್ಲಿ ಕಾಯಿಲ್ ನಡುವಿಗೆ ಹೋಗಿ ಹಿಡಿಕೆ ಎತ್ತಿ 'ಮೇಲೆ' ಕೊಡುತ್ತಾನೆ. ಬಾಲದ ಪಟ್ಟಿ ನಿಜವಾಗಿ ಮೇಲೆದ್ದಿತೆ ಎಂದು ನೋಡಿ ಹೇಳುವುದು ನನ್ನ ಕೆಲಸ. ಅವನು ಅಲ್ಲಿಂದಲೇ ದಾರ ಜಗ್ಗಿದರೆ ಗೂಟ ಬಿಡುತ್ತದೆ.

ಬೇರೆಯವರಾದರೆ ಕೂಗಿ ಹೇಳುತ್ತಾರೆ. ನಮಗೆ ಸನ್ನೆ. ಒಂದು ಕೈ ಮೇಲೆತ್ತಿದರೆ ಎಲ್ಲ ಸರಿ. ಎದೆಯ ಮುಂದೆ ಎರಡೂ ಕೈ ಅಡ್ಡ ಹಿಡಿದರೆ — ಬಿಡಬೇಡ.

ಆಹಾ, ಅದು ಹಾರಿದ ಪರಿ. ಎರಡು ಸುತ್ತು ನೆಟ್ಟಗೆ, ಸಭ್ಯಸ್ಥ ರಾಜಕುಮಾರನಂತೆ. ಆಮೇಲೆ ನೇರ ಆಕಾಶಕ್ಕೆ, ಅವನ ನೆತ್ತಿಯ ಮೇಲಿಂದ ಹಾದು ಆ ಬದಿಗೆ. ಮೂರು ಲಾಗ, ಒಂದರ ಮೇಲೊಂದು ಅಚ್ಚೊತ್ತಿದ ಹಾಗೆ. ತಲೆಕೆಳಗಾಗಿ ಎರಡು ಸುತ್ತು. ಕಡೆಗೆ ಟೈಮರ್ ಮೋಟರ್ ನಿಲ್ಲಿಸಿತು. ಸದ್ದೇ ಇಲ್ಲದೆ ಜಾರಿ ಬಂದು ನೆಲ ಮುಟ್ಟಿತು. ಐದೂವರೆ ನಿಮಿಷ. ಒಂದು ಇಡೀ ಅಂಕ, ಒಂದೂ ಮಾತಿಲ್ಲದೆ.

ಎರಡು ಕೈಯಲ್ಲೂ ಚಪ್ಪಾಳೆ ತಟ್ಟಿದೆ. ಮೂವತ್ತು ವರ್ಷ ಆ ಸದ್ದನ್ನು ತೆಗೆದುಕೊಂಡವನು. ಕೊಟ್ಟದ್ದು ಕಡಿಮೆ.

ಜನವರಿ 31, ಮಧ್ಯಾಹ್ನ

ಮುರಿಯಿತು. ನಾನು —

ಫೆಬ್ರವರಿ 1

ಊಟ ಸೇರಲಿಲ್ಲ.

ಫೆಬ್ರವರಿ 4

ಬರೆಯುತ್ತೇನೆ. ತಪ್ಪೊಪ್ಪಿಗೆಗೆ ಪ್ರೇಕ್ಷಕರು ಬೇಡ.

ಅವತ್ತು ಗಾಳಿ ಏಳುವ ಮುಂಚೆ ಹಾರಿಸುವ ಆತುರ. ಹಿಡಿಕೆಯ ಮೇಲ್ತುದಿಗೆ ಗುರುತಿಗೆಂದು ಸುತ್ತಿದ್ದ ಕೆಂಪು ಟೇಪು ಹಿಂದಿನ ದಿನವೇ ಬಿಚ್ಚಿಹೋಗಿತ್ತು. ಕಾಯಿಲ್ ಹಿಡಿಕೆಯನ್ನು ತಲೆಕೆಳಗಾಗಿ ಎತ್ತಿಕೊಂಡ. 'ಮೇಲೆ' ಕೊಟ್ಟ. ಬಾಲದ ಪಟ್ಟಿ ಕೆಳಗಿಳಿಯಿತು.

ಕಂಡೆ. ಸ್ಪಷ್ಟವಾಗಿ ಕಂಡೆ. 'ತಡೆ' ಎನ್ನಬೇಕು. ಮೂವತ್ತು ವರ್ಷ ರಂಗದ ಮೇಲೆ ಸೈನ್ಯ ತಡೆದದ್ದು, ಗಲ್ಲಿಗೇರಿಸುವವರನ್ನು ತಡೆದದ್ದು, ಮದುವೆಗಳನ್ನು ತಡೆದದ್ದು, ಎಲ್ಲವೂ ಒಂದೇ ಭಂಗಿಯಲ್ಲಿ — ಬಲಗೈ ನೆಟ್ಟಗೆ ಮೇಲಕ್ಕೆ, ಅಂಗೈ ಮುಂದೆ. ಕೊನೆಯ ಬೆಂಚಿನವನಿಗೂ ಅರ್ಥವಾಗುವಂಥದ್ದು. ಎದೆಯ ಮುಂದೆ ಅಡ್ಡ ಬರಬೇಕಿದ್ದ ಕೈಗಳು ಬರಲಿಲ್ಲ. ಆ ಹಾಳು ಬಲಗೈ ತಾನೇ ಎದ್ದು ನಿಂತಿತು.

ಅರವತ್ತಡಿ ದೂರದಲ್ಲಿ ಕಾಯಿಲ್ ನೋಡಿದ್ದು ಏನು? ಒಂದು ಕೈ ಮೇಲೆ. ಎಲ್ಲ ಸರಿ. ತಲೆಯಾಡಿಸಿದ. ಮೋಟರ್ ಶುರುವಾಯಿತು. ಅವನು ಬಗ್ಗಿ ದಾರ ಹುಡುಕುತ್ತಿದ್ದ — ಮೂರು ಸೆಕೆಂಡ್, ನಾಲ್ಕೂ ಇರಬಹುದು. ಒಂದು ಕೂಗು ಸಾಕಿತ್ತು. ಎಂಟುನೂರು ಜನರ ಗದ್ದಲವನ್ನು ಮೈಕ್ ಇಲ್ಲದೆ ಅಡಗಿಸಿದ ಕೂಗು. ಬಾಯಿ ತೆರೆದೆ. ಉಸಿರು ಎಳೆದುಕೊಂಡೆ.

ಮುಚ್ಚಿಕೊಂಡೆ.

ಇದೇ ನಾನು ಮಾಡಿದ್ದು. ಲೆಕ್ಕ ಹಾಕಿದೆ. ವಿಮಾನ ಅವನದು, ದನಿ ನನ್ನದು. ಅಷ್ಟು ಬೇಗ ಲೆಕ್ಕ ಹಾಕಬಲ್ಲೆನೆಂದು ಗೊತ್ತಿರಲಿಲ್ಲ. ಎರಡು ಹೆಜ್ಜೆ ಓಡಿದ್ದು ನಿಜ, ನಾಚಿಕೆಗೆ ಓಡಿದ್ದು. ವಿಮಾನ ಎದ್ದಿತು. ತುಸು ತಗ್ಗಿಸೋಣವೆಂದು ಅವನು 'ಕೆಳಗೆ' ಕೊಟ್ಟ. ಅದು ಇನ್ನಷ್ಟು ಏರಿತು. ಗಾಬರಿಯಲ್ಲಿ ಮತ್ತಷ್ಟು ಕೊಟ್ಟ. ಬೆನ್ನ ಮೇಲೆ ಮಗುಚಿ ನೆಲಕ್ಕೆ. ಠಪ್ ಎಂಬ ಸಣ್ಣ ಸದ್ದು. ಅಷ್ಟು ಕೆಲಸಕ್ಕೆ ಅಷ್ಟು ಸಣ್ಣ ಸದ್ದು.

ಮೂತಿ ಪುಡಿ. ಮೋಟರ್ ಕಂಬಿ ಡೊಂಕು. ತಂತಿ ಬದಿಯ ರೆಕ್ಕೆಯ ಏಳು ಮರದ ಪಕ್ಕೆಲುಬು ಮುರಿದವು. ಬ್ಯಾಟರಿ ಊದಿಕೊಂಡಿತ್ತು, ಹೊತ್ತಿಕೊಂಡೀತೆಂದು ಕಾಯಿಲ್ ಅದನ್ನು ಮರಳಿನ ಬಕೆಟ್ಟಿನಲ್ಲಿ ಹೂತಿಟ್ಟ. "ಹಿಡಿಕೆ ಉಲ್ಟಾ ಹಿಡಿದೆ ಭಾವ, ನಂದೇ ತಪ್ಪು," ಅಂತ ದಾರಿಯುದ್ದಕ್ಕೂ ಹೇಳುತ್ತಲೇ ಬಂದ. ನಾನು ಸ್ಲೇಟು ಮುಟ್ಟಲಿಲ್ಲ.

ಫೆಬ್ರವರಿ 5

ಎರಡು ಹಾಳೆ ಬರೆದು ಒಯ್ದೆ. ಆರು ಪದಕ್ಕೆ ಮುಗಿಯುವ ಮಾತಲ್ಲ. ಕಾಯಿಲ್ ಒಂದು ನೀರಿನ ಪಂಪು ಬಿಚ್ಚಿಕೊಂಡು ಕೂತಿದ್ದ. ಕೈ ಒರೆಸಿ ಓದಿದ. ಎರಡನೆಯ ಹಾಳೆಯನ್ನು ಎರಡು ಸಲ ಓದಿದ.

"ಕೂಗ್ಬಹುದಿತ್ತು, ಕೂಗ್ಲಿಲ್ಲ. ಅಷ್ಟೇನಾ?"

ತಲೆಯಾಡಿಸಿದೆ.

"ನೀವು ಕೂಗಿದ್ರೆ ನಾನು ಈಗ ಅಕ್ಕನಿಗೆ ಯಾವ ಮುಖ ತೋರಿಸ್ತಿದ್ದೆ?" ಪಂಪಿನ ಒಂದು ನಟ್ಟು ಬಿಚ್ಚಿ ಪಕ್ಕಕ್ಕಿಟ್ಟ. "ಬೇಜಾರಾಗಿಲ್ಲ ಅಂದ್ರೆ ಸುಳ್ಳಾಗತ್ತೆ. ಆಗಿದೆ. ನಾಲ್ಕು ತಿಂಗಳ ಕೆಲ್ಸ. ಆದ್ರೆ ಬಾಲ್ಸಾ ಅಂಗಡೀಲಿ ಸಿಗತ್ತೆ ಭಾವ. ಗಂಟಲು ಎಲ್ಲಿ ಸಿಗತ್ತೆ, ಹೇಳಿ." ಆಮೇಲೆ ಹಾಳೆ ವಾಪಸ್ ಕೊಟ್ಟ. "ಅಕ್ಷರ ಮಾತ್ರ ತುಂಬಾ ಕೆಟ್ಟದು. 'ಪಶ್ಚಾತ್ತಾಪ' ಅನ್ನೋದು 'ಪಲ್ಯ' ಇದ್ದಂಗಿದೆ."

ಪಕ್ಕೆಲುಬಿನ ಅಚ್ಚು ತೆಗೆದು ಮೇಜಿನ ಮೇಲಿಟ್ಟ. ಬ್ಲೇಡು ನನ್ನ ಕೈಗೆ.

ಫೆಬ್ರವರಿ 13

ಏಳೂ ನಾನೇ ಕೊಯ್ದೆ. ಹಾಳಾದವು ಹನ್ನೊಂದು, ಸರಿಬಂದವು ಏಳು. ಮೂತಿ ಅಂಟಿ ಒಣಗಿದೆ. ಹೆಂಡತಿ ಇವತ್ತು ಹೊಸ ಹಾಳೆ ಎಳೆದಳು. ಅದೇ ಬಣ್ಣ ಸಿಗದೆ ಒಂದು ರೆಕ್ಕೆ ಹಸಿರು, ಒಂದು ನೀಲಿ. ಇನ್ನು ಮೂರು ದಿನ. ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಕೇಳಿದಳು:

"ಮೊದಲ ಮಾತು ಏನು ಆಡ್ತೀರಿ?"

ಸ್ಲೇಟಿನಲ್ಲಿ: ಮಂತ್ರಿಯ ಪ್ರವೇಶ.

"ಬೇಡಿ. ನನ್ನ ಹೆಸರು ಕರೀರಿ. ಚಿಕ್ಕದಾಗಿದೆ."

ಫೆಬ್ರವರಿ 16, ಸಂಜೆ

ದನಿ ಬಂತು.

ನನ್ನದಲ್ಲ. ಯಾರೋ ಬಾಗಿಲ ಸಂದಿಯಲ್ಲಿ ನಿಂತು ಆಡಿದಂತಿತ್ತು. ತಿರುಗಿ ನೋಡಿದೆ, ನಿಜವಾಗಿ. ಡಾಕ್ಟರಮ್ಮ ಪೈಪು ಇಳಿಸಿ ನೋಡಿದರು. ಗಾಯ ಚೆನ್ನಾಗಿ ಮಾಗಿದೆಯಂತೆ. "ಮಾತಾಡಿ. ಎದುರಿಗೆ ಕೂತವರ ಹತ್ರ, ಮೆಲ್ಲಗೆ. ಕೂಗೋದು ಮಾತ್ರ ಇನ್ನು ಯಾವತ್ತೂ ಇಲ್ಲ."

"ನಾಟಕ?" ಎಂದೆ.

"ಮೈಕ್ ಇಟ್ಕೊಂಡು, ಕೂತು, ಓದೋ ಥರದ್ದು ಏನಾದ್ರೂ..."

ಮಂತ್ರಿ ಕೂತು ಓದುವುದಿಲ್ಲ, ತಾಯೀ.

ಹೊರಗೆ ಬೆಂಚಿನ ಮೇಲೆ ಹೆಂಡತಿ. ಅವಳ ಹೆಸರು ಕರೆದೆ. ಕೇಳಿಸಲಿಲ್ಲ. ಪಕ್ಕ ಕೂತು ಮತ್ತೆ ಕರೆದೆ. ಸೆರಗು ಬಾಯಿಗಿಟ್ಟುಕೊಂಡಳು. "ಇಷ್ಟು ಮೆತ್ತಗೆ ಯಾವತ್ತೂ ಕರೆದಿರಲಿಲ್ಲ ನೀವು."

ಫೆಬ್ರವರಿ 18

ಮಾಲೀಕರ ಬಳಿ ಖುದ್ದಾಗಿ ಹೋದೆ. ಮಾತಾಡಿದೆ. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೇಳಿದರು. ಅಲ್ಲೇ ಇಬ್ಬರಿಗೂ ಗೊತ್ತಾಯಿತು. ಪಾತ್ರ ಬೇರೆಯವನಿಗೆ. ಒಳ್ಳೆಯ ಹುಡುಗ. ನಿಲುವು ಚೆನ್ನಾಗಿದೆ. ಅವನಿಗೆ ಎರಡನೇ ಅಂಕದಲ್ಲಿ ಉಸಿರು ಎಲ್ಲಿ ಹಿಡಿಯಬೇಕೆಂದು ಹೇಳಿಕೊಟ್ಟು ಬಂದೆ.

ಬರುವಾಗ ಬಸ್ಸು ಹತ್ತಲಿಲ್ಲ. ಇಡೀ ದಾರಿ ನಡೆದೆ.

ಫೆಬ್ರವರಿ 25

ಒಂದು ವಾರ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ.

ಇವತ್ತು ಬಯಲಿನಲ್ಲಿ ಕಾಯಿಲ್ ಹಿಡಿಕೆ ನನ್ನ ಕೈಗೆ ಕೊಟ್ಟು, ಹಿಂದೆ ನಿಂತು, ನನ್ನ ಮುಷ್ಟಿಯ ಮೇಲೆ ತನ್ನ ಮುಷ್ಟಿ ಇಟ್ಟ. ಹೆಂಡತಿ ದೂರದಲ್ಲಿ ಗುಂಡಿ ಒತ್ತಿ ಸರಿದಳು. ಬಿಟ್ಟೆವು. ಎರಡು ಸುತ್ತಾದ ಮೇಲೆ ಅವನ ಕೈ ಇರಲಿಲ್ಲ.

ಎಳೆಯುತ್ತದೆ! ಅದನ್ನು ಯಾರೂ ಹೇಳಿರಲಿಲ್ಲ. ಅರವತ್ತಡಿ ಆಚೆಯಿಂದ ತೋಳನ್ನು ಎಳೆಯುತ್ತದೆ, ಬಿಡದೆ, ಒಂದೇ ಸಮ. ಲೋಕವೆಲ್ಲ ಮಸುಕು, ಅದೊಂದೇ ಸ್ಪಷ್ಟ.

"ತಂತಿ ಸಡಿಲ ಬಿಡ್ಬೇಡಿ ಭಾವ, ಒಂದು ಹೆಜ್ಜೆ ಹಿಂದೆ... ಹಾಂ. ಈಗ ಒಂದು ಲಾಗ. ಹೆದರ್ಬೇಡಿ, ಹಿಂದಕ್ಕೆ ವಾಲಿಸಿ, ಹಿಡ್ಕೊಂಡೇ ಇರಿ."

ವಾಲಿಸಿದೆ. ಏರಿತು, ಮಗುಚಿತು, ನೆಲ ಹತ್ತಿರ ಬಂತು, ಮತ್ತೆ ನೆಟ್ಟಗಾಯಿತು. ಲಾಗವಲ್ಲ ಅದು, ಬದನೆಕಾಯಿ. ತಲೆ ಸುತ್ತಿ ಕೂತುಬಿಟ್ಟೆ, ವಿಮಾನ ತಾನಾಗಿ ಇಳಿದ ಮೇಲೆ. ಅಕ್ಕ ತಮ್ಮ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವುದಕ್ಕೆ ನನ್ನ ಹತ್ತಿರವೂ ಸ್ವಲ್ಪ ದನಿ ಇತ್ತು.

ಮಾರ್ಚ್ 1, ಬೆಳಿಗ್ಗೆ 6

ಸ್ಪರ್ಧೆ. ಕಾಯಿಲ್ ಹಾರಿಸುವವನು, ನಾನು ಸಹಾಯಕ. ಬಾಡಿಗೆ ವ್ಯಾನು ಬಂದು ನಿಂತಿದೆ. ವಿಮಾನವನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಮಲಗಿಸಿಯಾಯಿತು. ಇವತ್ತು ಅವನು ನಡುವಿಗೆ ಹೋಗಿಬಿಟ್ಟರೆ ನನ್ನ ದನಿ ಅಲ್ಲಿಗೆ ಮುಟ್ಟುವುದಿಲ್ಲ. ಹೇಳುವುದನ್ನೆಲ್ಲ ಮೊದಲೇ, ಪಕ್ಕದಲ್ಲಿ ನಿಂತು ಹೇಳಬೇಕು. ಏನು ಹೇಳುವುದು ಎಂದು ಎದ್ದಾಗಿನಿಂದ ಯೋಚಿಸುತ್ತಿದ್ದೇನೆ. ದೊಡ್ಡ ಮಾತು ಒಂದೂ ಈ ದನಿಗೆ ಹೊಂದುತ್ತಿಲ್ಲ.

ಬೀದಿಯಿಂದ ಕೂಗುತ್ತಿದ್ದಾನೆ. "ಭಾವ, ಏನ್ ಮಾಡ್ತಿದೀರಿ ಒಳಗೆ? ಗಾಳಿ ಏಳತ್ತೆ."

ಇಲ್ಲಿಂದ ಉತ್ತರ ಕೊಡುವ ಹಾಗಿಲ್ಲ. ಎದ್ದು ಹೋಗಿ, ಹತ್ತಿರ ನಿಂತು, ಅವನ ಕಿವಿಯಲ್ಲಿ ಹೇಳಬೇಕು: ಕೆಂಪು ಟೇಪು ಹೊಸದಾಗಿ ಸುತ್ತಿದ್ದೇನೆ, ಅದು ಮೇಲಿರಲಿ.