ನಾಗನಿಗೆ ನೆರಳು

ಪುತ್ತೂರು
೯ ಆಗಸ್ಟ್ ೨೦೨೫, ಶನಿವಾರ

ನನ್ನ ಪ್ರೀತಿಯ ಕೀರ್ತನ್‌ರಿಗೆ,

'ಪ್ರೀತಿಯ' ಎಂಬುದನ್ನು ಒಮ್ಮೆ ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಪ್ರೀತಿ ಉಂಟಲ್ಲ, ಏನು ಮಾಡಲಿ! ಮದುವೆಯಾಗಿ ಇನ್ನೂ ಆರು ತಿಂಗಳಾಗಿಲ್ಲ. ಆಟಿ ಕೂರಲು ತವರಿಗೆ ಹೊರಟ ದಿನ ನಿಮ್ಮ ನೀಲಿ ಅಂಗಿಯನ್ನು ಕದ್ದು ಬ್ಯಾಗಿಗೆ ತುಂಬಿಕೊಂಡವಳು ನಾನು. ಹೊಸ ಮದುಮಗಳು ಆಟಿ ತಿಂಗಳಲ್ಲಿ ಗಂಡನ ಮನೆಯಲ್ಲಿ ಇರಬಾರದು ಎಂಬ ಪದ್ಧತಿ ಮಾಡಿದವರನ್ನು ಮೊದಲ ವಾರ ದಿನಾ ಬೈದಿದ್ದೇನೆ. ಆದರೆ ಇದು ಅಂಗಿಯ ಪತ್ರ ಅಲ್ಲ, ಜಗಳದ ಪತ್ರ.

ಫೋನಿನಲ್ಲಿ ಜಗಳ ಮಾಡಿದರೆ ನೀವು "ಹ್ಞೂಂ" ಎನ್ನುತ್ತೀರಿ, ಆಮೇಲೆ "ಊಟ ಆಯ್ತಾ?" ಎನ್ನುತ್ತೀರಿ. ವಾಟ್ಸಾಪಿನಲ್ಲಿ ಮಾಡಿದರೆ ಕೆಂಪು ಹೃದಯ ಒತ್ತಿ ಮಲಗುತ್ತೀರಿ. ಕಾಗದಕ್ಕೆ ಹೃದಯ ಒತ್ತಲಿಕ್ಕೆ ಆಗುವುದಿಲ್ಲ. ನನಗೆ ಸುಲಭವಾದ ಇಂಗ್ಲಿಷಿನಲ್ಲೇ ಬೈಯೋಣ ಎಂದು ಕೂತೆ. ಎರಡು ಸಾಲು ಬರೆದು ಓದಿದರೆ ಬ್ಯಾಂಕಿನವರು ನೋಟೀಸು ಕಳಿಸಿದ ಹಾಗಿತ್ತು. ಬೈಗುಳ ಕನ್ನಡದಲ್ಲೇ ಚಂದ. ಒತ್ತಕ್ಷರ ತಪ್ಪಿದರೆ ನಗಬೇಡಿ.

ಗುರುವಾರ ಸಂಜೆ ತೃಷಾ ಫೋನ್ ಮಾಡಿದ್ದಳು. ಅಲ್ಲಿ ನಮ್ಮ ಪಕ್ಕದ ಮನೆಯ ದಮಯಂತಿಯಕ್ಕನ ಮಗಳು, ಎರಡನೇ ಕ್ಲಾಸಿನವಳು, ನನ್ನ ಬೇಸಿಗೆ ಶಿಬಿರದ ಆಟದಲ್ಲಿ ಹೆಣ್ಣು ಮಂಗಟ್ಟೆ ಹಕ್ಕಿಯಾದವಳು. ಅವಳು ನಮಸ್ಕಾರ ಹೇಳಲಿಲ್ಲ, ಹೇಗಿದ್ದೀರಿ ಎಂದು ಕೇಳಲಿಲ್ಲ. "ಅಕ್ಕಾ, ನೀವು ಸುಳ್ಳು ಹೇಳಿದ್ದು" ಎಂದಳು. ನಾಗಬನದ ಧೂಪದ ಮರಕ್ಕೆ ಕೆಂಪು ಪೈಂಟಿನ ಗುರುತು ಹಾಕಿದ್ದಾರೆ, ಆಟಿ ಮುಗಿದು ಸೋಣ ತಿಂಗಳು ಹುಟ್ಟಿದ ಕೂಡಲೇ ಕಡಿಯುತ್ತಾರಂತೆ ಎಂದಳು. ಆಮೇಲೆ ಕೇಳಿದಳು: "ಮುಂದಿನ ವರ್ಷ ಗಂಡು ಮಂಗಟ್ಟೆ ಹಣ್ಣು ತಂದು ಎಂತಕ್ಕೆ ಕೊಡುದು? ಸ್ಲ್ಯಾಬಿಗಾ?"

ಕೀರ್ತನ್, ಆ ಮಗುವಿಗೆ ಏನು ಉತ್ತರ ಕೊಡಬೇಕಿತ್ತು, ನೀವೇ ಹೇಳಿ.

ಏಪ್ರಿಲ್‌ನಲ್ಲಿ ಶಾಲೆಯ ಜಗಲಿಯಲ್ಲಿ ನಾನು ಶಿಬಿರದ ಕಥೆ ಶುರು ಮಾಡಿದ್ದು ಬ್ರೆಜಿಲಿನಿಂದ. ನಾನು ಓದಿದ ಪುಸ್ತಕಗಳಲ್ಲಿ ಮಳೆಕಾಡು ಇದ್ದದ್ದು ಅಲ್ಲಿ ಮಾತ್ರ! ಬುಲ್ಡೋಜರ್, ಬೆಂಕಿ, ಮರಿಯನ್ನು ಅಪ್ಪಿಕೊಂಡ ಕೋತಿ, ಎಲ್ಲ ಅಭಿನಯ ಮಾಡಿ ಹೇಳಿದೆ. ಮಕ್ಕಳು ಬಾಯಿ ಬಿಟ್ಟು ಕೇಳಿದರು. ಅಲ್ಲಿ ಕಡಿಯುವವರು ಯಾರು ಎಂದು ಸಫ್ವಾನ್ ಕೇಳಿದ. ದೊಡ್ಡ ದೊಡ್ಡ ಕಂಪನಿಯವರು ಎಂದೆ. "ನಮ್ಮ ಗುಡ್ಡೆಯದ್ದು ಕಡ್ದದ್ದು ಯಾರಕ್ಕ? ಅಲ್ಲಿ ಈಗ ರಬ್ಬರ್ ಮಾತ್ರ ಇರುದು" ಎಂದ. ಮನೆಗೆ ಬಂದು ಅದನ್ನು ನಿಮಗೆ ಹೇಳಿದೆ.

ಅಂದು ಸಂಜೆ ನನ್ನನ್ನು ನಾಗಬನಕ್ಕೆ ಕರೆದುಕೊಂಡು ಹೋದವರು ನೀವು. ಬಾಯಿಗೆ ಬೆರಳಿಟ್ಟು, ಮೇಲೆ ನೋಡು ಎಂದು ಸನ್ನೆ ಮಾಡಿದವರು ನೀವು. ಧೂಪದ ಪೊಟರೆಯ ಬಾಯಿಗೆ ಮಣ್ಣು ಮೆತ್ತಿಕೊಂಡು ಒಳಗೆ ಕುಳಿತ ಹೆಣ್ಣು ಮಂಗಟ್ಟೆ, ಸೀಳಿನಿಂದ ಕಾಣುವ ಕೊಕ್ಕು ಮಾತ್ರ. ಗಂಡು ಗೋಳಿಮರದ ಹಣ್ಣು ತಂದು ಒಂದೊಂದೇ ಕೊಡುವುದು. ಅವನು ಬಾರದಿದ್ದರೆ ಒಳಗಿರುವ ತಾಯಿಯೂ ಮರಿಯೂ ಸಾಯುತ್ತವೆ, ಪ್ರತಿ ವರ್ಷ ಅದೇ ಮರಕ್ಕೆ ಬರುತ್ತವೆ, ಇಷ್ಟು ದೊಡ್ಡ ಪೊಟರೆ ಇರುವ ಮರ ಈ ಸುತ್ತಿನಲ್ಲಿ ಬೇರೆ ಉಳಿದಿಲ್ಲ ಎಂದು ನೀವು ಪಿಸುಗುಟ್ಟಿದಿರಿ. ನಾನು ಅತ್ತುಬಿಟ್ಟೆ. ಇಂಥ ಗಂಡ ಸಿಕ್ಕಿದನಲ್ಲ ಎಂದು ಕೂಡ ಅತ್ತದ್ದು, ಈಗ ಹೇಳುತ್ತಿದ್ದೇನೆ.

ಮರುದಿನ ಮಕ್ಕಳಿಗೆ ಅದೇ ಕಥೆ. ತೃಷಾಳನ್ನು ಶಾಲೆಯ ಖಾಲಿ ಕಪಾಟಿನೊಳಗೆ ಕೂರಿಸಿ, ಎಲ್ಲರೂ ಸಾಲಾಗಿ ಬಂದು ಬಾಗಿಲ ಸಂದಿಯಿಂದ ಚಿಕ್ಕು ತಿನ್ನಿಸಿದರು. ಸಾಯಂಕಾಲ ಅವಳಿಗೆ ಹೊಟ್ಟೆನೋವು, ದಮಯಂತಿಯಕ್ಕನಿಂದ ನನಗೆ ಮಂಗಳಾರತಿ. ಕಥೆಯ ಕೊನೆಗೆ ನಾನು ಹೇಳಿದೆ: ಬೇರೆ ಮರಗಳ ಕಥೆ ಏನೇ ಆಗಲಿ, ಈ ಮರವನ್ನು ಯಾರೂ ಮುಟ್ಟುವುದಿಲ್ಲ, ಇದು ನಾಗನ ಮರ, ಇದಕ್ಕೆ ಕೀರ್ತನಣ್ಣ ಕಾವಲು. ನಿಮ್ಮನ್ನು ಕೇಳದೆಯೇ ಹೇಳಿದೆ. ಕೇಳಬೇಕು ಎಂದು ಅನ್ನಿಸಲೇ ಇಲ್ಲ.

ಈಗ ನಾಗನ ವಿಷಯಕ್ಕೆ ಬರುತ್ತೇನೆ. ಜೂನ್‌ನಲ್ಲಿ ಮನೆಯಲ್ಲಿ ಪ್ರಶ್ನೆ ಇಟ್ಟಾಗ ನಾನೂ ಬಾಗಿಲ ಬಳಿ ನಿಂತಿದ್ದೆ. ಜೋಯಿಸರು ಕವಡೆ ಸರಿಸಿ ಹೇಳಿದ್ದು ಒಂದೇ ಮಾತು, ನಾಗನಿಗೆ ನೆರಳು ಸಾಲುವುದಿಲ್ಲ ಎಂದು. ಹೇಗೆ ಸಾಲುತ್ತದೆ? ಬನದ ಮೂರು ಕಡೆ ಕಡಿದು ರಬ್ಬರ್ ಹಾಕಿದ್ದು ಯಾರು? ನೆರಳು ಬೇಕಾದರೆ ನಾಲ್ಕು ಗಿಡ ನೆಡಬೇಕು ಎಂದು ಮಕ್ಕಳಿಗೂ ಗೊತ್ತು. ಆದರೆ ನಮ್ಮ ಮನೆಗೆ ಬಂದದ್ದು ಕಂಟ್ರಾಕ್ಟರ್ ಪ್ರೇಮನಾಥ. "ನೆರಳು ತಾನೇ? ಸ್ಲ್ಯಾಬ್ ಹಾಕುವ ಗೌಡ್ರೇ, ಸುತ್ತ ಇಂಟರ್‌ಲಾಕ್. ಧೂಪ ಒಂದು ತೆಗಿಬೇಕಾಗ್ತದೆ, ಬೇರು ಸ್ಲ್ಯಾಬನ್ನು ಎತ್ತಿ ಬಿಡ್ತದೆ" ಎಂದು ಮಾವನಿಗೆ ಹೇಳಿದನಂತೆ. ನಾಗನಿಗೆ ನೆರಳು ಕೊಡಲಿಕ್ಕೆ ನಾಗನ ಮರ ಕಡಿಯುವುದು! ಇಂಥ ಬುದ್ಧಿ ಬ್ರೆಜಿಲಿನವರಿಗೂ ಬಂದಿರಲಿಕ್ಕಿಲ್ಲ.

ಮದುವೆಯಾದ ಹೊಸತಿನಲ್ಲಿ ನಾನು ಬನದಿಂದ ಒಂದು ಕೆಂಪು ಚಿಗುರು ಕಿತ್ತು ತಂದದ್ದಕ್ಕೆ ಅತ್ತೆ ಹೌಹಾರಿ, ಅಲ್ಲಿಂದ ಒಣ ಕಡ್ಡಿಯನ್ನೂ ತರಬಾರದು ಎಂದು ಹೇಳಿ, ನನ್ನಿಂದ ತಪ್ಪುಕಾಣಿಕೆ ಹಾಕಿಸಿದರು. ಒಂದು ಚಿಗುರಿಗೆ ತಪ್ಪುಕಾಣಿಕೆ! ಇಡೀ ಮರಕ್ಕೆ? ಅದಕ್ಕೆ ಮೊದಲೇ ಪ್ರಾರ್ಥನೆ ಮಾಡಿಕೊಂಡರೆ ಸಾಕಂತೆ. ಅದೂ ಮಾವ ಮರ ಅಳತೆ ಮಾಡಿದ್ದು ಯಾವತ್ತು? ನಾಗರಪಂಚಮಿಯ ದಿನ, ನಾಗನ ಕಲ್ಲಿಗೆ ಹಾಲಿನ ತನು ಎರೆದು, ಹಾಲಿನ ಕೈಯನ್ನು ಲುಂಗಿಗೆ ಒರೆಸಿಕೊಂಡು. ಟೇಪಿನ ಇನ್ನೊಂದು ತುದಿ ಹಿಡಿದವರು ನೀವು. ಮೊನ್ನೆ ಅತ್ತೆಯೇ ಫೋನಿನಲ್ಲಿ ಸಂತೋಷದಿಂದ ಹೇಳಿದರು.

ಮಾವ ಕೆಟ್ಟವರಲ್ಲ, ನನಗೆ ಗೊತ್ತು. ನಮ್ಮಿಬ್ಬರಿಗೆ ಒಳ್ಳೆಯದಾಗಲಿ, ಮನೆಯಲ್ಲಿ ತೊಟ್ಟಿಲು ತೂಗಲಿ ಎಂದೇ ಇದೆಲ್ಲ. ಗ್ರಾನೈಟ್ ಕಲ್ಲಿನಲ್ಲಿ 'ಕೀರ್ತನ್ ಮೋಕ್ಷಿತಾ ದಂಪತಿಗಳ ಸೇವೆ' ಎಂದು ಕೆತ್ತಿಸುತ್ತಾರಂತೆ. ನನ್ನ ಹೆಸರು ನಿಮ್ಮ ಹೆಸರಿನ ಪಕ್ಕ ಕಲ್ಲಿನಲ್ಲಿ! ಬೇರೆ ಎಲ್ಲಿಯಾದರೂ ಆಗಿದ್ದರೆ ಕುಣಿಯುತ್ತಿದ್ದೆ. ಆ ಮರದ ಬುಡದ ಮೇಲೆ ನನ್ನ ಹೆಸರು ಬೇಡ. ನಮಗೆ ಮಗು ಹುಟ್ಟಿದರೆ ಅದಕ್ಕೆ ನಾನು ಯಾವ ಕಥೆ ಹೇಳಲಿ?

ಇದೆಲ್ಲವನ್ನೂ ನುಂಗುತ್ತಿದ್ದೆ. ನುಂಗಲಾಗದ್ದು ಬೇರೆ ಉಂಟು. ಮಕ್ಕಳು ಬನಕ್ಕೆ ಹೋಗಿ ಮರ ಕಡಿಯಬೇಡಿ ಎಂದು ಕೇಳಿದರಂತೆ. ಮಾವ ಗದರಿದರಂತೆ, "ನಿಮ್ಗೆ ಈ ಕಥೆ ಕಲ್ಸಿದ್ದು ಯಾರು, ಆ ಪುತ್ತೂರಿನ ಇಂಗ್ಲಿಷ್ ಟೀಚರಮ್ಮನಾ?" ಎಂದು. ಆಗ ತೃಷಾ ನಿಮ್ಮ ಕಡೆ ತಿರುಗಿ, "ಕೀರ್ತನಣ್ಣ, ನೀವು ಕಾವಲು ಅಲ್ವಾ?" ಎಂದು ಕೇಳಿದಳು. ನೀವು ನಕ್ಕಿರಿ. "ಅದು ಅಕ್ಕ ಸುಮ್ನೆ ಕಥೆಗೆ ಹೇಳಿದ್ದು ಮಾರಾಯ್ತಿ, ಮನೆಗೆ ಹೋಗು" ಎಂದಿರಿ.

ಸುಮ್ಮನೆ ಕಥೆಗೆ! ಆ ಒಂದು ಮಾತಿನಿಂದ ಬ್ರೆಜಿಲ್ ಸುಳ್ಳಾಯಿತು, ಮಂಗಟ್ಟೆ ಸುಳ್ಳಾಯಿತು, ನಾನು ಸುಳ್ಳಾದೆ. ಇನ್ನು ಆ ಮಕ್ಕಳ ಮುಂದೆ ಬಾಯಿ ತೆರೆದರೆ ಯಾರು ನಂಬುತ್ತಾರೆ? ಮಾವನ ಎದುರು ಮಾತಾಡಲು ಹೆದರಿಕೆ ಎಂದಿದ್ದರೆ ಅರ್ಥ ಮಾಡಿಕೊಳ್ಳುತ್ತಿದ್ದೆ. ಹೆದರಿಕೆಯನ್ನು ನಗೆಯಲ್ಲಿ ಮುಚ್ಚಿ ಏಳು ವರ್ಷದ ಹುಡುಗಿಯ ಮೇಲೆ ಎಸೆದಿರಲ್ಲ, ಅದನ್ನು ನುಂಗಲು ಸಾಧ್ಯವಿಲ್ಲ.

ಹಾಗಾಗಿ ಕೇಳಿ. ಆಟಿ ಮುಗಿದು ನನ್ನನ್ನು ಕರೆದುಕೊಂಡು ಹೋಗಲು ಬರುವ ಮೊದಲು ನೀವು ಶಾಲೆಯ ಜಗಲಿಗೆ ಹೋಗಬೇಕು. ಮರ ಉಳಿಯಲಿ, ಬೀಳಲಿ, ಅಕ್ಕ ಹೇಳಿದ್ದು ನಿಜ, ಸುಳ್ಳು ಹೇಳಿದ್ದು ನಾನು ಎಂದು ಮಕ್ಕಳಿಗೆ ನಿಮ್ಮ ಬಾಯಿಂದಲೇ ಹೇಳಬೇಕು. ಹೇಳದೆ ಬಂದರೆ ಅಮ್ಮ ನಿಮಗೆ ಕೋಳಿರೊಟ್ಟಿ ಬಡಿಸುತ್ತಾರೆ, ಅಳಿಯ ಎಂದು ಉಪಚಾರ ಮಾಡುತ್ತಾರೆ. ನಾನು ಮಾತ್ರ ಕೋಣೆಯಿಂದ ಹೊರಗೆ ಬರುವುದಿಲ್ಲ.

ಸಿಟ್ಟಿನಲ್ಲಿಯೂ ನಿಮ್ಮವಳೇ ಆದ,
ಮೋಕ್ಷಿತಾ

ಮತ್ತೊಂದು: ಬರೆಯಲು ಧೈರ್ಯ ಸಾಲದೆ ಕೊನೆಗೆ ಇಟ್ಟುಕೊಂಡದ್ದು. ನಿನ್ನೆ ಬಸ್ಸು ಹತ್ತಿ ಸುಳ್ಯಕ್ಕೆ ಹೋಗಿ, ಅರಣ್ಯ ಇಲಾಖೆಯವರಿಗೆ ದೂರು ಹೇಳಿ ಬಂದೆ. ಆ ಮರ ಕಡಿಯಲು ಯಾರೂ ಅನುಮತಿಯೇ ಕೇಳಿಲ್ಲವಂತೆ. ಬುಧವಾರ ವಿಚಾರಣೆಗೆ ನಿಮ್ಮಲ್ಲಿಗೆ ಬರುತ್ತಾರೆ. ಮಾವ ಯಾರು ಯಾರನ್ನೋ ಅನುಮಾನಿಸುವುದು ಬೇಡ, ನಾನೇ ಎಂದು ಹೇಳಿಬಿಡಿ. ಆಫೀಸಿನಲ್ಲಿದ್ದವರು, "ಆ ಮನೆಯವ್ರು ನಿಮ್ಗೆ ಎಂತ ಆಗ್ಬೇಕು?" ಎಂದು ಕೇಳಿದರು. "ನಾನು ಕೀರ್ತನ್‌ರ ಹೆಂಡತಿ" ಎಂದೆ. ಹೊರಗಿನವರ ಮುಂದೆ ಹಾಗೆ ಹೇಳಿದ್ದು ಅದೇ ಮೊದಲು. ಅಷ್ಟು ಸಿಟ್ಟಿನಲ್ಲಿಯೂ ಮುಖ ಕೆಂಪಾಯಿತು ಮಾರಾಯ್ರೆ.