ಬಿಳಿ ಕುದುರೆಯ ಗಂಟೆ

೧೪ ಅಕ್ಟೋಬರ್ ೧೮೬೪, ಶುಕ್ರವಾರ. ಪ್ಲಾಟ್ ನದಿ ದಂಡೆ, ಟಪಾಲು ಗಾಡಿಯ ಠಾಣೆ.

ಬಾಗಿಲಿಗೆ ಬಿದ್ದ ಗುಂಡಿನ ತೂತಿನಿಂದ ಗಾಳಿ ನುಗ್ಗಿ ದೀಪ ನಿಲ್ಲುತ್ತಿರಲಿಲ್ಲ. ನಿನ್ನೆ ಸಂಜೆ ಬಂದ ಕಳ್ಳರ ಗುಂಡು ಅದು. ನನ್ನ ಗಂಡ ಈಫ್ರೇಮನ ತೋಳು ಸವರಿಕೊಂಡು ಹೋಯಿತು. ನಾಲ್ಕು ಬೆರಳು ಈಚೆಗೆ ಬಿದ್ದಿದ್ದರೆ... ಬೇಡ, ಅದನ್ನು ಬರೆಯುವುದಿಲ್ಲ.

ಕಳ್ಳರು ತಮ್ಮ ದಣಿದ ಕುದುರೆಗಳನ್ನು ಇಲ್ಲೇ ಬಿಟ್ಟು, ಗಾಡಿ ಎಳೆಯುವ ನಮ್ಮ ಹೇಸರಗತ್ತೆಗಳಿಗೇ ಜೀನು ಹಾಕಿದರು. ಕೊರಳಿಗೆ ಗಂಟೆ ಕಟ್ಟಿದ ನಮ್ಮ ಬಿಳಿ ಹೆಣ್ಣು ಕುದುರೆಯನ್ನು ನೋಡಿ ಒಬ್ಬ ನಕ್ಕ: "ಈ ಮುದುಕಿ ಯಾವನಿಗೆ ಬೇಕೋ? ಬಿಡು, ಇಲ್ಲೇ ಸಾಯ್ಲಿ."

ಈ ಕಡೆಯವರಾಗಿದ್ದರೆ ಗೊತ್ತಿರುತ್ತಿತ್ತು. ಮುದುಕಿಯ ಗಂಟೆಯ ಸದ್ದು ಬಿಟ್ಟು ಆ ಹೇಸರಗತ್ತೆಗಳು ಇರುವುದಿಲ್ಲ. ಬೆಳಗಾಗುವಷ್ಟರಲ್ಲಿ ಎಲ್ಲವೂ ಕಳ್ಳರಿಂದ ತಪ್ಪಿಸಿಕೊಂಡು ಬಂದು ಲಾಯದ ಮುಂದೆ ನಿಂತಿದ್ದವು. ಒಂದರ ಬೆನ್ನ ಮೇಲೆ ಕಳ್ಳನ ಜೀನು, ಅದಕ್ಕೆ ಕಟ್ಟಿದ ಚೀಲದಲ್ಲಿ ಒಳ್ಳೆಯ ಕಾಫಿಪುಡಿ!

ಮಧ್ಯಾಹ್ನ ಗಾಡಿ ಹೊಡೆದುಕೊಂಡು ಬಂದ ಲೈಮನ್ ಅದೇ ಕಾಫಿ ಕುಡಿದು, "ಅಕ್ಕಾ, ಮುಂದಿನ್ ಸಲ ಸಕ್ಕರೇನೂ ತರಕ್ಕೆ ಹೇಳಿ ಅವ್ರಿಗೆ" ಅಂದ.

"ನಗಿಸ್ಬೇಡ ಮಾರಾಯಾ, ತೋಳು ನೋಯುತ್ತೆ" ಎಂದು ಈಫ್ರೇಮ್ ನಕ್ಕೇ ನಕ್ಕ. ಆಗ ನನಗೆ ಹೋದ ಜೀವ ಬಂತು.

ನಿದ್ದೆ ಕೆಡುತ್ತದೆಂದು ದಿನಾ ರಾತ್ರಿ ಆ ಗಂಟೆಯೊಳಗೆ ಬಟ್ಟೆ ತುರುಕುವವಳು ನಾನೇ. ನಿನ್ನೆ ಗಾಬರಿಯಲ್ಲಿ ಮರೆತಿದ್ದೆ. ಈಗ ಆ ಬಟ್ಟೆಯನ್ನು ಬಾಗಿಲ ತೂತಿಗೆ ತುರುಕಿ ಬಂದು ಕೂತಿದ್ದೇನೆ. ದೀಪ ನಿಂತಿದೆ. ಹೊರಗೆ ಗಂಟೆ ಬಡಿದುಕೊಳ್ಳುತ್ತಲೇ ಇದೆ, ಆದರೂ ಎಂಥ ನಿದ್ದೆ ಬರುತ್ತಿದೆ ಎಂದರೆ...