ಆಯಿಗೆ ಹೊದಿಸಿದ ಶಾಲು

ಫೆಬ್ರುವರಿ ೩, ಸೋಮವಾರ
ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಹರಾಜು ಮುಗಿಸಿ ಕೋರ್ಟಿಗೆ. ಔರಾದದಿಂದ ಆಯಿ ಮೊದಲೇ ಬಂದಿದ್ದಳು. ಇವತ್ತು ಅವಳ ಸಾಕ್ಷಿ. ನನ್ನ ತಮ್ಮ ಅಶ್ವಜಿತನನ್ನು ನಕ್ಸಲ ಅಂತ ಹೊಲದಿಂದ ಎಳೆದೊಯ್ದದ್ದು ಇನ್‌ಸ್ಪೆಕ್ಟರ್ ಮನ್ಮಥಪ್ಪ. ಎನ್‌ಕೌಂಟರ್ ಅಂದರು. ಹೆಣ ಕೊಡಲಿಲ್ಲ, ತಾವೇ ಎಲ್ಲೋ ಸುಟ್ಟರು. ಈಗ ರಿಟೈರ್, ಶುಗರ್, ಕೈಯಲ್ಲಿ ಕೋಲು. ಜನ ಎದ್ದು ಜಾಗ ಬಿಟ್ಟರು.
ಕೊಂದವಗೆ ಕುರ್ಚಿ, ಹೆತ್ತವಳಿಗೆ ಮಿರ್ಚಿ. ಪ್ರಾಸ ಕೂತಿತು. ಆಯಿ ನಿಂತಳು.
ಆರೋಪಿಯನ್ನು ಗುರುತಿಸು ಅಂದಾಗ ಅವನಿಗೆ ಕೈಮುಗಿದಳು. ವರ್ಷಗಟ್ಟಲೆ ಠಾಣೆ ಬಾಗಿಲಲ್ಲಿ ಮುಗಿದ ಕೈ — ತಾವಾಗೇ ಎದ್ದವು. "ನನ್ನ ಮಗನ್ನ ಎಲ್ಲಿ ಸುಟ್ರು, ಕೇಳ್ರಿ ಅವ್ರಿಗ" ಅಂದಳು. ಕೇಳಿದ್ದಕ್ಕಷ್ಟೇ ಉತ್ತರ ಕೊಡಮ್ಮ, ಅಂದರು ಅವನ ವಕೀಲರು.

ಫೆಬ್ರುವರಿ ೪
ಆಯಿ ಕೈಮುಗಿದದ್ದು ಪೇಪರಿನಲ್ಲಿ ‘ಕ್ಷಮಿಸಿದ ತಾಯಿ’ ಆಗಿದೆ. ವಾಟ್ಸಪ್ಪಿನಲ್ಲೂ ಅದೇ. ಚಹಾದಂಗಡಿ ಹಾವಗೆಪ್ಪ ನನಗೇ ತೋರಿಸಿ, ನಿಮ್ಮವ್ವ ದೇವ್ರು ನೋಡ್ರಿ ಸರ್, ಅಂದ. ಮೊದಲು ನಮ್ಮದು ನಕ್ಸಲರ ಮನಿ. ಈಗ ದೇವರ ಮನಿ. ನಡುವೆ ಮನುಷ್ಯರ ಮನಿ ಆಗಲೇ ಇಲ್ಲ.

ಏಪ್ರಿಲ್ ೧೧
ಖುಲಾಸೆ. ಸಂಶಯದ ಲಾಭ. ಲಾಭ ಅವನಿಗೆ, ಸಂಶಯ ನಮಗೆ.
ಫೋನಿನಲ್ಲಿ ಆಯಿ ಕೇಳಿದ್ದು ಒಂದೇ. "ಜಾಗಾ ಹೇಳಿದ್ನೇನು?"

ಏಪ್ರಿಲ್ ೨೦
ಭಾಲ್ಕಿಯ ಸೌಹಾರ್ದ ಸಮಿತಿಯವರು ಔರಾದದ ಮನೆಗೆ ಬಂದಿದ್ದರು. ಒಂದೇ ಸ್ಟೇಜಿನ ಮೇಲೆ ಆಯಿಗೂ ಮನ್ಮಥಪ್ಪನಿಗೂ ಸನ್ಮಾನವಂತೆ. ಬಾಗಿಲು ತೋರಿಸಬೇಕು ಅಂತ ಎದ್ದೆ. ಆಯಿ ತಡೆದಳು. "ಮೈಕ್ ಇರ್ತದೇನ್ರಿ?"
ಇರ್ತದ ಅಂದರು.
"ಹಂಗಾದ್ರ ಬರ್ತೇನಿ."

ಏಪ್ರಿಲ್ ೨೭, ಸಂಜೆ, ಭಾಲ್ಕಿ ಬಸ್‌ಸ್ಟ್ಯಾಂಡ್, ಬಸ್ಸಿಗೆ ಕಾಯುತ್ತ
ಸನ್ಮಾನ ಸಭೆಯಲ್ಲಿ ಶಾಲು, ಹಾರ, ಫೋಟೋ. ಮನ್ಮಥಪ್ಪ ನಗುತ್ತ ‘ತಾಯಿ’ ಅಂದ. ಆಯಿ ಮೈಕ್ ತಗೊಂಡಳು.
"ಸಾಹೇಬ್ರ, ಕೋರ್ಟ್ ನಿಮ್ಮನ್ನ ಬಿಟ್ಟದ. ಇನ್ನ ಯಾರ ಅಂಜಿಕಿ? ನನ್ನ ಅಶ್ವಜಿತನ್ನ ಎಲ್ಲಿ ಸುಟ್ರಿ, ಹೇಳ್ರಿ."
ಮೈಕ್ ಅವನ ಬಾಯಿಗೆ ಹಿಡಿದಳು.
ಸುಳ್ಳು ಹೇಳುತ್ತಾನೆ ಅಂದುಕೊಂಡೆ. ಇಲ್ಲ. ಹಣೆ ತಿಕ್ಕಿಕೊಂಡ. ಮುಚ್ಚಿಡುವವನ ಮುಖ ಅಲ್ಲ ಅದು — ನೆನಪಿಸಿಕೊಳ್ಳುವವನದು.
"ಅದು... ಮೆಹಕರ ಕಡಿಗೇನು... ಇಲ್ಲ, ಇಲ್ಲ. ಅದು ಬ್ಯಾರೆ ಹುಡುಗ."
ಮೈಕಿನಲ್ಲೇ ಅಂದ. ಮಾಮೂಲಿ ದನಿಯಲ್ಲಿ.
ಚಪ್ಪಾಳೆಗೆ ಬಂದ ಸಭೆ ಅವನನ್ನೇ ನೋಡುತ್ತ ಕೂತಿತು. ನಿರೂಪಕರು ಗಡಿಬಿಡಿಯಲ್ಲಿ ವಂದನಾರ್ಪಣೆ ಅಂದರು. ಯಾರೂ ಏಳಲಿಲ್ಲ. ಆಮೇಲೆ ಹೆಂಗಸರ ಸಾಲಿನಲ್ಲಿ ಒಬ್ಬಳು ಎದ್ದಳು, ನಾನು ಮೆಹಕರದಾಕಿ ಅಂದಳು. "ಬ್ಯಾರೆ ಹುಡುಗ ಅಂದ್ರ ಯಾರ್ರಿ, ಸಾಹೇಬ್ರ?"
ಆಯಿ ಮೈಕ್ ಹಿಡಿದುಕೊಂಡೇ ಮೆಟ್ಟಿಲಿಳಿದು ಅವಳ ಹತ್ತಿರ ಹೋಗಿ, ಮೈಕ್ ಅವಳ ಬಾಯಿಗೆ ಹಿಡಿದಳು.